ಸೊನ್ನೆಯೊಳಗೊಂದು ಸೊನ್ನೆ

ನಿನ್ನೆ ರಾತ್ರಿ ಟ್ಯಾಬಿಗೆ 12 ಎಂಬಿಯ ಪುಟಾಣಿ ಆ್ಯಪ್ ಒಂದನ್ನು ಹಾಕಲು ಹೋದೆ. 'ಜಾಗ ಸಾಲದು' ಎಂದಿತು. 12 ಎಂಬಿ! ಬೆಳಗಾದರೆ ಬಂದು ಬೀಳುವ ಶುಭೋದಯದ ವಿಡಿಯೋಗಳೇ ಅದಕ್ಕಿಂತ ದಪ್ಪ ಇರುತ್ತವೆ, ಅಲ್ವಾ?

ಟ್ಯಾಬು 32 ಜಿಬಿಯದು. ಅಂದರೆ ಡಬ್ಬದ ಮೇಲೆ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಟ್ಯಾಬು 1024ರ ಲೆಕ್ಕದಲ್ಲಿ. ಹಾಗಾಗಿ ಡಬ್ಬ ಒಡೆಯುವ ಹೊತ್ತಿಗೇ ಅದು 29.8. ಸಿಸ್ಟಮ್ ತನ್ನ ಪಾಲು ಮುರಿದುಕೊಂಡು ನನಗೆ ಬಿಟ್ಟದ್ದು 27. ಇದಕ್ಕೆಲ್ಲ ನಾನು ಅತ್ತು ಮುಗಿಸಿ ವರ್ಷಗಳಾದವು. ಆದರೆ ಆ 27 ಎಲ್ಲಿ ಹೋಯಿತು? ಸೆಟ್ಟಿಂಗ್ಸ್ ತೆರೆದೆ. ಆ್ಯಪ್ 6, ಫೋಟೋ 4, ಹಾಡು 3, ಇತರೆ 14.

ಇತರೆ! ತಿಂಗಳ ಖರ್ಚು ಬರೆಯಲು ಕೂತಾಗಲೂ ನನ್ನ ದುಡ್ಡೆಲ್ಲ ಹೋಗುವುದು ಈ ಇತರೆಗೇ. ಪುಣ್ಯಾತ್ಮ ಯಾರೋ, ಎಲ್ಲಿದ್ದಾನೋ, ಇವತ್ತಿನವರೆಗೆ ಮುಖ ನೋಡಿಲ್ಲ.

ಈಗ ಅಕ್ಕನ ಮಗನ ವಿಷಯ ಹೇಳಬೇಕು. ಕಂಪನಿಯವರು ಈ ಟ್ಯಾಬಿಗೆ ಅಪ್‌ಡೇಟ್ ನಿಲ್ಲಿಸಿದಾಗ, ಅದನ್ನು ರೂಟ್ ಮಾಡಿ (ಅಂದರೆ ಕಂಪನಿಯ ಬೀಗ ತೆಗೆದು) ಕಸ್ಟಮ್ ರಾಮ್, ಅಂದರೆ ಹೊರಗಿನವರು ತಯಾರಿಸಿದ ಆಂಡ್ರಾಯ್ಡ್, ಹಾಕಿಕೊಟ್ಟವನು ಅವನೇ. ಜಾಣ ಹುಡುಗ. ಆದರೆ ಅವನ ಹತ್ತಿರ ಇರುವುದು ಒಂದೇ ಔಷಧಿ. "ಮಾಮಾ, ರೀಸೆಟ್ ಹೊಡಿ." ಟ್ಯಾಬು ನಿಧಾನ ಅಂದೆ, ರೀಸೆಟ್ ಹೊಡಿ. ಬ್ಯಾಟರಿ ನಿಲ್ಲಲ್ಲ ಅಂದೆ, ರೀಸೆಟ್ ಹೊಡಿ. ಚಾರ್ಜರಿನ ವೈರು ತುಂಡಾಗಿದೆ ಕಣೋ ಅಂದಾಗಲೂ ಮೊದಲು ರೀಸೆಟ್ ಅಂದು, ಆಮೇಲೆ "ಏನು, ವೈರಾ?" ಅಂತ ಕೇಳಿದ. ಮಾತು ಮುಗಿಯುವುದರೊಳಗೆ ಫೋನ್ ಇಟ್ಟಿರುತ್ತಾನೆ. ವೈದ್ಯರಿಗೆ ಪುರುಸೊತ್ತಿಲ್ಲ.

ಹೀಗೆ ಐದು ಸಲ ಹೊಡೆದಿದ್ದೇನೆ. ಪ್ರತಿ ಸಲವೂ ಓದುವ ಆ್ಯಪಿನಲ್ಲಿ ಪುಸ್ತಕಗಳು ಮಾಯ. ಪ್ರತಿ ಸಲವೂ ಕಂಪ್ಯೂಟರಿನಿಂದ ಪುಸ್ತಕ, ಹಾಡು ಎಲ್ಲವನ್ನೂ ಮತ್ತೆ ತುಂಬಿಸಿದ್ದೇನೆ. ಸಾಮಾನು ಹೋಗುತ್ತಿತ್ತು, ಜಾಗ ಮಾತ್ರ ವಾಪಸ್ ಬರುತ್ತಿರಲಿಲ್ಲ. ಒಂದೇ ಹಾಡು ಸಾಲಾಗಿ ಐದಾರು ಸಲ ಬರಲು ಶುರುವಾದಾಗಲೇ ನನಗೆ ಅನುಮಾನ ಬರಬೇಕಿತ್ತು. ಒಳ್ಳೆಯ ಹಾಡು ಅಂತ ಸುಮ್ನೆ ಕೇಳಿಸಿಕೊಂಡೆ.

ನಿನ್ನೆ ಹನ್ನೊಂದೂವರೆಗೆ, ನಿದ್ದೆ ಬಿಟ್ಟು, ಫೈಲ್ ಮ್ಯಾನೇಜರಿನಲ್ಲಿ ಒಂದೊಂದೇ ಫೋಲ್ಡರ್ ಒತ್ತಿ ನೋಡುತ್ತಾ ಹೋದೆ. ಎಲ್ಲದಕ್ಕಿಂತ ಮೇಲೆ '0' ಅಂತ ಒಂದಿತ್ತು. ವರ್ಷಗಳಿಂದ ನೋಡುತ್ತಲೇ ಇದ್ದೇನೆ, ಒಮ್ಮೆಯೂ ತೆರೆದಿಲ್ಲ. ಹೆಸರೇ ಸೊನ್ನೆ ಅಂತಿದೆ, ಒಳಗೆ ಏನಿದ್ದೀತು ಹೇಳಿ? ತೆರೆದೆ. ನನ್ನ ಹಾಡು, ನನ್ನ ಪುಸ್ತಕ, ಜೊತೆಗೆ ಇನ್ನೊಂದು '0'. ಅದನ್ನು ತೆರೆದೆ. ಅವೇ ಹಾಡು, ಅವೇ ಪುಸ್ತಕ, ಮತ್ತೊಂದು '0'. ಮೂರನೆಯದರಲ್ಲಿ ನಗು ಬಂತು. ನಾಲ್ಕನೆಯದರಲ್ಲಿ ಹೋಯಿತು. ಐದನೆಯದನ್ನು ತೆರೆಯುವ ಮೊದಲು ಎದ್ದು ನೀರು ಕುಡಿದು ಬಂದೆ.

ಐದು ಸೊನ್ನೆ. ಐದು ರೀಸೆಟ್.

ನಡೆದದ್ದು ಇಷ್ಟು. 2012ರ ನವೆಂಬರಿನಲ್ಲಿ ಬಂದ ಆಂಡ್ರಾಯ್ಡ್ 4.2, ಒಂದೇ ಟ್ಯಾಬನ್ನು ಹಲವರು ಬಳಸಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಕೋಣೆ ಮಾಡಿತು. ಮೊದಲನೆಯವನ ನಂಬರು 0. ಹಳೇ ಸಾಮಾನೆಲ್ಲ ಆ ಕೋಣೆಗೆ ಸಾಗಿಸಿ, 'ಸಾಗಿಸಿ ಆಯಿತು' ಅಂತ ಒಂದು ಚೀಟಿ ಬರೆದಿಡುತ್ತದೆ. ಚೀಟಿ ಅಂದರೆ ಒಂದು ಸಣ್ಣ ಫೈಲು. ನಮ್ಮ ಹುಡುಗ ಹಾಕಿದ್ದ ರಿಕವರಿ, ಅಂದರೆ ರೀಸೆಟ್ ಮಾಡುವ ಪುಟ್ಟ ತಂತ್ರಾಂಶ, ಈ 4.2ಕ್ಕಿಂತ ಹಳೆಯದು. ಅದಕ್ಕೆ ಈ ಚೀಟಿ ಅಂದರೆ ಕಸ. ರೀಸೆಟ್ ಹೊಡೆದರೆ ಸಾಮಾನನ್ನು ಮುಟ್ಟುವುದಿಲ್ಲ, ಚೀಟಿಯನ್ನು ಗುಡಿಸಿ ಹಾಕುತ್ತದೆ. ಟ್ಯಾಬು ಎದ್ದು ನೋಡುತ್ತದೆ, ಚೀಟಿ ಇಲ್ಲ. ಅಯ್ಯೋ ಇನ್ನೂ ಸಾಗಿಸಿಯೇ ಇಲ್ಲವಲ್ಲ ಅಂತ ಹಳೇ ಸೊನ್ನೆಯ ಸಮೇತ ಎಲ್ಲವನ್ನೂ ಹೊಸ ಸೊನ್ನೆಯೊಳಗೆ ತುರುಕುತ್ತದೆ. ಪಾಪ, ನಿಯತ್ತಿನ ಕೆಲಸಗಾರ. ಮಾಡಿಸಿದವರು ನಾವು.

ಎಲ್ಲಕ್ಕಿಂತ ಒಳಗಿನ ಸೊನ್ನೆಯಲ್ಲಿ, ಈಗ ಇಲ್ಲದ ಯಾವುದೋ ಚಿತ್ರ ಬರೆಯುವ ಆ್ಯಪಿನ ಫೋಲ್ಡರ್ ಇತ್ತು. ಅದರಲ್ಲಿ ನಲವತ್ತಮೂರು ಚಿತ್ರ. ಮಗಳು ನಾಲ್ಕು ವರ್ಷದವಳಿದ್ದಾಗ ಬೆರಳಲ್ಲಿ ಗೀಚಿದ್ದು. ನಲವತ್ತಮೂರೂ ಆನೆ. ಹಸಿರು ಆನೆ, ಮೂರು ಕಾಲಿನ ಆನೆ, ಸೊಂಡಿಲು ಪರದೆಯಾಚೆ ಹೋಗಿಬಿಟ್ಟ ಆನೆ. ಮೊದಲ ರೀಸೆಟ್ ದಿನ "ನನ್ನ ಆನೆ ಎಲ್ಲಪ್ಪಾ" ಅಂತ ಅತ್ತಿದ್ದಳು. ಹೋಯ್ತು ಪುಟ್ಟಾ ಅಂದಿದ್ದೆ. ಎಲ್ಲೂ ಹೋಗಿರಲಿಲ್ಲ.

ಬೆಳಗ್ಗೆ ತೋರಿಸಿದೆ. ಈಗ ಹದಿನಾರು ಅವಳಿಗೆ. "ಇದೇನು, ಪೊರಕೆನಾ?" ಅಂದಳು. ಆನೆ ಅಂದೆ. "ಡಿಲೀಟ್ ಮಾಡಪ್ಪಾ, ಯಾರಾದ್ರೂ ನೋಡಿಯಾರು" ಅಂತ ಬ್ಯಾಗ್ ಹೆಗಲಿಗೇರಿಸಿ ನಡೆದಳು.

ಅಕ್ಕನ ಮಗನಿಗೂ ಫೋನ್ ಮಾಡಿ ಐದು ಸೊನ್ನೆಯ ಕಥೆಯನ್ನು ಮೊದಲಿಂದ ಹೇಳಿದೆ. ಪೂರ್ತಿ ಕೇಳಿದ, ಅದೇ ಒಂದು ವಿಶೇಷ. "ಇಷ್ಟೆಲ್ಲ ಒದ್ದಾಡೋ ಬದಲು ಒಂದು ರೀಸೆಟ್ ಹೊಡೀಬಹುದಿತ್ತಲ್ಲ ಮಾಮಾ" ಅಂದ.

ಈ ಸಲ ಫೋನ್ ಇಟ್ಟವನು ನಾನು. ಸೊನ್ನೆಗಳನ್ನು ಅಳಿಸಿದೆ, 13 ಜಿಬಿ ಚಿಲ್ಲರೆ ವಾಪಸ್ ಬಂತು. ಒಳಗಿನ ಆ ಚಿತ್ರಗಳ ಫೋಲ್ಡರೊಂದನ್ನು ಮಾತ್ರ ಮೊದಲೇ ಹೊರಗೆ ಎತ್ತಿಟ್ಟು, ಹೆಸರು ಬದಲಿಸಿ 'ಆನೆ' ಅಂತ ಮಾಡಿದ್ದೇನೆ. 38 ಎಂಬಿ ತಿನ್ನುತ್ತದೆ. ತಿನ್ನಲಿ.