ದಾನ ಕೊಟ್ಟ ಕಾರು ಕೊನೆಗೆ ಯಾರ ಕೈ ಸೇರುತ್ತದೆ?

ಅಮೆರಿಕದಲ್ಲಿರುವ ನಮ್ಮ ಕನ್ನಡ ಬಳಗದಲ್ಲಿ ಊರಿಗೆ ಮರಳುವವರು, ಹೊಸ ಗಾಡಿ ಕೊಂಡವರು, ಮಕ್ಕಳು ಬೇರೆ ಊರಿಗೆ ಹೋದ ಮೇಲೆ ಮನೆ ಮುಂದೆ ಸುಮ್ಮನೆ ನಿಂತ ಕಾರನ್ನು ಏನು ಮಾಡುವುದೆಂದು ಯೋಚಿಸುವವರು ಆಗಾಗ ಸಿಗುತ್ತಾರೆ. ಹತ್ತು ಹನ್ನೆರಡು ವರ್ಷ ಓಡಿದ ಕ್ಯಾಮ್ರಿಗೋ ಸಿವಿಕ್‌ಗೋ ಡೀಲರು ಹೇಳುವ ಬೆಲೆ ಕೇಳಿ ಬೇಸರವಾಗಿ, "ಯಾವುದಾದರೂ ಚಾರಿಟಿಗೆ ಕೊಟ್ಟುಬಿಡೋಣ, ಟ್ಯಾಕ್ಸಿನಲ್ಲಾದರೂ ಉಳಿಯುತ್ತದೆ" ಎಂದು ತೀರ್ಮಾನಿಸುತ್ತಾರೆ. ಕೊಡಬೇಕೆಂಬ ಮನಸ್ಸಿಗೆ ನನ್ನ ಪೂರ್ಣ ಗೌರವವಿದೆ. ಆದರೆ ತೆರಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುವ ಮೊದಲು, ಆ ಕಾರು ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕೇಳಬೇಕೆನ್ನುವುದು ನನ್ನ ದೃಢವಾದ ಅಭಿಪ್ರಾಯ.

ಜಾಹೀರಾತು ಕೇಳಿ ಫೋನ್ ಮಾಡಿದರೆ ಟೋ ಟ್ರಕ್ ಬಂದು ಕಾರನ್ನು ಉಚಿತವಾಗಿ ಎಳೆದೊಯ್ಯುತ್ತದೆ. ಬಹುಪಾಲು ದತ್ತಿ ಸಂಸ್ಥೆಗಳು ಆ ಕಾರನ್ನು ಕಣ್ಣಿನಿಂದಲೂ ನೋಡುವುದಿಲ್ಲ. ಅವುಗಳ ಪರವಾಗಿ ಕೆಲಸ ಮಾಡುವ ಮಧ್ಯವರ್ತಿ ಕಂಪನಿಯೊಂದು ಅದನ್ನು ಹರಾಜಿಗೋ ಗುಜರಿಗೋ ಹಾಕಿ, ಎಳೆದೊಯ್ದ ಖರ್ಚು, ಜಾಹೀರಾತಿನ ಖರ್ಚು ಮತ್ತು ತನ್ನ ಪಾಲನ್ನು ಕಳೆದು, ಉಳಿದ ಹಣವನ್ನು ಸಂಸ್ಥೆಗೆ ಕೊಡುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಆದರೂ ಆ ಉಳಿದ ಹಣ ಎಷ್ಟು ಚಿಕ್ಕದಿರಬಹುದು ಎಂಬುದು ದಾನಿಗಳಿಗೆ ತಿಳಿದಿರಬೇಕು. 2003ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 54 ಕಾರುಗಳ ಜಾಡು ಹಿಡಿದು ನೋಡಿದಾಗ, ಅವುಗಳಲ್ಲಿ ಮೂರನೇ ಎರಡು ಭಾಗದಷ್ಟು ಪ್ರಕರಣಗಳಲ್ಲಿ ದಾನಿ ತೆರಿಗೆ ಪತ್ರದಲ್ಲಿ ತೋರಿಸಿದ್ದ ಮೌಲ್ಯದ ಶೇಕಡಾ 5 ಅಥವಾ ಅದಕ್ಕೂ ಕಡಿಮೆ ಹಣವಷ್ಟೇ ಸಂಸ್ಥೆಗೆ ತಲುಪಿತ್ತು.

ಆ ವರದಿ ಬಂದ ಮರುವರ್ಷವೇ ಸಂಸತ್ತು ಕಾನೂನು ಬಿಗಿ ಮಾಡಿತು. 2005ರ ಜನವರಿಯಿಂದ, ತೆರಿಗೆ ಬೀಳುವ ಆದಾಯದಿಂದ 500 ಡಾಲರಿಗಿಂತ ಹೆಚ್ಚಿನ ಕಡಿತ ಕೇಳುವವರು ಸಂಸ್ಥೆ ಆ ಕಾರನ್ನು ನಿಜವಾಗಿ ಎಷ್ಟಕ್ಕೆ ಮಾರಿತೋ ಅಷ್ಟನ್ನು ಮಾತ್ರ ತೋರಿಸಬಹುದು, ಅದಕ್ಕೆ ಸಂಸ್ಥೆ ಕೊಡುವ 1098-ಸಿ ನಮೂನೆಯೇ ಆಧಾರ. ಹಳೆ ಕಾರುಗಳ ಬೆಲೆ ಪುಸ್ತಕದಲ್ಲಿ ನಾಲ್ಕು ಸಾವಿರ ಎಂದಿದ್ದ ಕಾರು ಹರಾಜಿನಲ್ಲಿ ಒಂಬೈನೂರಕ್ಕೆ ಹೋದರೆ ನೀವು ಕಡಿತವಾಗಿ ತೋರಿಸಬಹುದಾದದ್ದು ಆ ಒಂಬೈನೂರೇ. ಅದೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ಕೊಡದೆಯೇ ಎಲ್ಲರಿಗೂ ಸಿಗುವ ನಿಗದಿತ ಕಡಿತ) ಬಿಟ್ಟು ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ ಮಾತ್ರ. 2025ರ ಸಾಲಿಗೆ ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗಳಿಗೆ ಆ ಮೊತ್ತ 31,500 ಡಾಲರ್ ಇರುವಾಗ, ದೊಡ್ಡ ಗೃಹಸಾಲದ ಬಡ್ಡಿ ಕಟ್ಟುತ್ತಿರುವವರನ್ನು ಬಿಟ್ಟರೆ ಹೆಚ್ಚಿನವರಿಗೆ ಕಾರು ದಾನದಿಂದ ತೆರಿಗೆಯಲ್ಲಿ ಒಂದು ಡಾಲರೂ ಉಳಿಯುವುದಿಲ್ಲ.

ಅದೇ ಕಾನೂನಿನಲ್ಲಿರುವ ವಿನಾಯಿತಿಯೊಂದರ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಸಂಸ್ಥೆಯು ಕಾರನ್ನು ತನ್ನ ಸೇವಾಕಾರ್ಯಕ್ಕೆ ಗಣನೀಯವಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿಸಿ ಅದರ ಮೌಲ್ಯ ಹೆಚ್ಚಿಸಿದರೆ, ಅಥವಾ ಬಡವರಿಗೆ ನೆರವಾಗುವ ತನ್ನ ಉದ್ದೇಶದಂತೆ ಅದನ್ನು ಅಗತ್ಯವಿರುವವರಿಗೆ ಉಚಿತವಾಗಿಯೋ ಮಾರುಕಟ್ಟೆಗಿಂತ ತೀರ ಕಡಿಮೆ ಬೆಲೆಗೋ ಕೊಟ್ಟರೆ, ದಾನಿ ಪೂರ್ಣ ಮಾರುಕಟ್ಟೆ ಮೌಲ್ಯವನ್ನು ತೋರಿಸಬಹುದು. ಕಾರು ಕಾರಾಗಿಯೇ ಉಳಿದು ಇನ್ನೊಬ್ಬರ ಬದುಕಿಗೆ ಒದಗಿದರೆ ಅದಕ್ಕೆ ಹೆಚ್ಚಿನ ಬೆಲೆಯಿದೆ ಎಂದು ಕಾನೂನೇ ಒಪ್ಪಿದಂತಾಯಿತು, ನನ್ನ ಅಭಿಪ್ರಾಯವೂ ಇದೇ.

ಈ ಕೆಲಸವನ್ನೇ ಮಾಡುವ ಸಂಸ್ಥೆಗಳಿವೆ. ವರ್ಮಾಂಟಿನ ಬರ್ಲಿಂಗ್ಟನ್‌ನಲ್ಲಿ 1996ರಲ್ಲಿ ಆರಂಭವಾದ ಗುಡ್ ನ್ಯೂಸ್ ಗ್ಯಾರೇಜ್, ಮೇರಿಲ್ಯಾಂಡಿನಲ್ಲಿ 1999ರಲ್ಲಿ ಹುಟ್ಟಿದ ವೆಹಿಕಲ್ಸ್ ಫಾರ್ ಚೇಂಜ್ ಇಂಥವು. ದಾನವಾಗಿ ಬಂದ ಕಾರುಗಳಲ್ಲಿ ಯೋಗ್ಯವಾದವನ್ನು ರಿಪೇರಿ ಮಾಡಿ, ಕೆಲಸಕ್ಕೆ ಹೋಗಲು ಗಾಡಿಯಿಲ್ಲದೆ ಪರದಾಡುವ ಕಡಿಮೆ ಆದಾಯದ ಕುಟುಂಬಗಳಿಗೆ ಅವರ ಕೈಗೆಟಕುವಂತೆ ಒದಗಿಸುತ್ತವೆ. ರಿಪೇರಿಗೆ ಒಗ್ಗದ ಗಾಡಿಗಳನ್ನು ಮಾರುವುದೂ ಉಂಟು, ಅದರಲ್ಲಿ ತಪ್ಪೇನಿಲ್ಲ. ಈ ದೇಶದಲ್ಲಿ ದೊಡ್ಡ ನಗರಗಳ ನಡುಭಾಗ ದಾಟಿದರೆ ಬಸ್ಸು ವಿರಳ, ಬೆಳಗಿನ ಐದು ಗಂಟೆಯ ಪಾಳಿಗೂ ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಾಳಿಗೂ ಬಸ್ಸೇ ಇರುವುದಿಲ್ಲ. ಉಗ್ರಾಣಗಳಲ್ಲಿ, ಆಸ್ಪತ್ರೆಗಳಲ್ಲಿ, ವೃದ್ಧರ ಮನೆಗಳಲ್ಲಿ ದುಡಿಯುವ ತಾಯಿಯೊಬ್ಬಳು ಮಗುವನ್ನು ಡೇ ಕೇರಿಗೆ ಬಿಟ್ಟು ಹೊತ್ತಿಗೆ ಸರಿಯಾಗಿ ಕೆಲಸ ಮುಟ್ಟಬೇಕಾದರೆ ಕಾರು ಬೇಕೇ ಬೇಕು. ನಮಗೆ ಎರಡನೆಯದೋ ಮೂರನೆಯದೋ ಆಗಿದ್ದ ಗಾಡಿ ಅವಳಿಗೆ ನೌಕರಿಯನ್ನೇ ಉಳಿಸಿಕೊಡುತ್ತದೆ. ಹರಾಜಿನಲ್ಲಿ ಕೆಲವು ನೂರು ಡಾಲರ್ ತರುವ ಕಾರಿನಿಂದ ಇಷ್ಟು ದೊಡ್ಡ ಉಪಕಾರ ಸಾಧ್ಯವಿರುವಾಗ, ಮೊದಲು ಸಿಕ್ಕ ಫೋನ್ ನಂಬರಿಗೆ ಕರೆ ಮಾಡಿ ಕೈ ತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ.

ನಿಮ್ಮ ರಾಜ್ಯದಲ್ಲಿ ಇಂಥ ಸಂಸ್ಥೆ ಇಲ್ಲದಿದ್ದರೆ, ಓಡುವ ಕಾರನ್ನು ನೀವೇ ಮಾರಿ, ಬಂದ ಹಣವನ್ನು ನಿಮಗೆ ನಂಬಿಕೆಯಿರುವ ಸಂಸ್ಥೆಗೆ ನೇರವಾಗಿ ಕಳುಹಿಸುವುದು ಉತ್ತಮ. ಸ್ವಲ್ಪ ಓಡಾಟ ಹೆಚ್ಚು, ಆದರೆ ನಡುವೆ ಯಾರ ಪಾಲೂ ಇರುವುದಿಲ್ಲ. ಎಂಜಿನ್ ಕೆಟ್ಟು ಅಲುಗಾಡದ ಕಾರಾದರೆ ಟೋ ಟ್ರಕ್ಕಿನ ದಾರಿಯೇ ಸುಲಭ. ಆಗಲೂ ಸಂಸ್ಥೆ ತೆರಿಗೆ ಇಲಾಖೆಯ ನೋಂದಣಿ ಪಟ್ಟಿಯಲ್ಲಿದೆಯೇ ಎಂದು ನೋಡಿ, ಮಾರಾಟದ ಹಣದಲ್ಲಿ ಸಂಸ್ಥೆಗೆ ಎಷ್ಟು ಸೇರುತ್ತದೆ ಎಂದು ಅವರನ್ನೇ ಕೇಳಿ. ಪ್ರಾಮಾಣಿಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಊರಿಗೆ ಮರಳುತ್ತಿರುವ ಸ್ನೇಹಿತರಿಗೆ ಇನ್ನೊಂದು ಮಾತು. ವಿಮಾನ ಹತ್ತುವ ಹಿಂದಿನ ವಾರಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ. ಸಾಲ ಎಂದೋ ತೀರಿದ್ದರೂ ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ಮೇಲೆ ಬ್ಯಾಂಕಿನ ಹೆಸರು ಉಳಿದಿರಬಹುದು, ಅದನ್ನು ತೆಗೆಸಲು ಸಮಯ ಹಿಡಿಯುತ್ತದೆ. ಟೈಟಲಿನಲ್ಲಿ ಕೊಳ್ಳುವವರ ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡದೆ, ಸಂಸ್ಥೆಯ ಹೆಸರು ಬರೆದೇ ಕೊಡಿ. ಇಲ್ಲವಾದರೆ ಮುಂದೆ ಆ ಕಾರಿನ ಟೋಲು, ದಂಡಗಳೆಲ್ಲ ನಿಮ್ಮ ಹೆಸರಿಗೇ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಪ್ಲೇಟು ಕಾರಿನ ಜೊತೆಗೇ ಹೋಗುತ್ತದೆ, ಆದರೆ ಗಾಡಿ ಕೈಬಿಟ್ಟ 5 ದಿನಗಳೊಳಗೆ ಅಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ ತಿಳಿಸಬೇಕು. ಮೇರಿಲ್ಯಾಂಡಿನಲ್ಲಿ ಪ್ಲೇಟನ್ನು ಬಿಚ್ಚಿಕೊಂಡು ಅಲ್ಲಿನ ವಾಹನ ಇಲಾಖೆಯಾದ ಎಂವಿಎಗೆ ಹಿಂದಿರುಗಿಸಿ, ಆಮೇಲೆ ವಿಮೆ ರದ್ದು ಮಾಡಬೇಕು. ಈ ಕ್ರಮ ತಪ್ಪಿದರೆ ವಿಮೆಯಿಲ್ಲದ ವಾಹನದ ದಂಡ ಬೆಳೆಯುತ್ತ ಹೋಗುತ್ತದೆ, ಬೆಂಗಳೂರಿನಲ್ಲಿ ಕುಳಿತು ಅದನ್ನು ಬಗೆಹರಿಸುವುದು ಬಹಳ ಕಷ್ಟ.