ಅಡ್ವಾನ್ಸ್ ಎರಡೇ ತಿಂಗಳದ್ದಾ? ಒಂದು ಸ್ಪಷ್ಟನೆ

‘ಹೊಸ ಕಾನೂನು ಬಂದಿದೆ, ಬೆಂಗಳೂರಿನಲ್ಲಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ’ ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಆ ಮಿತಿ ಇರುವುದು ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ರಾಜ್ಯ ಅದನ್ನು ತನ್ನ ಕಾನೂನಾಗಿ ತಂದರೆ ಮಾತ್ರ ಜಾರಿ. ಕರ್ನಾಟಕ ತಂದಿಲ್ಲ, ಇಲ್ಲಿರುವುದು 1999ರ ಬಾಡಿಗೆ ಕಾಯ್ದೆ.

ಹಾಗಾಗಿ ಅಡ್ವಾನ್ಸ್ ಮಾತುಕತೆಯಲ್ಲೇ ತೀರ್ಮಾನವಾಗಬೇಕು. 20 ಸಾವಿರ ಬಾಡಿಗೆಗೆ ಓನರ್ ಹತ್ತು ತಿಂಗಳದ್ದು ಕೇಳಿದರೆ 2 ಲಕ್ಷ. ಮೆಸೇಜ್ ನೋಡಿ ಎರಡು ತಿಂಗಳದ್ದು, 40 ಸಾವಿರ ಸಾಕು ಅಂತ ನಂಬಿ ಟೋಕನ್ ಕೊಟ್ಟರೆ ಆ ದುಡ್ಡೂ ಹೋಗಬಹುದು, ಅಲ್ವಾ? ಚೌಕಾಸಿ ಖಂಡಿತ ಮಾಡಿ, ಕಡಿಮೆಗೆ ಒಪ್ಪುವ ಓನರ್‌ಗಳೂ ಇದ್ದಾರೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಮನೆ ಖಾಲಿ ಮಾಡಿದ ಮೇಲೆ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ, ಎರಡನ್ನೂ ಅಗ್ರಿಮೆಂಟ್‌ನಲ್ಲಿ ಬರೆಸಿ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.