ಸಾಂಟಾ ಹೊಟ್ಟೆಯ ಅವರೆಬೇಳೆ

ಅಮ್ಮ ಮೆಲ್ಬರ್ನ್ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಬಿಸಿಲು 34 ಡಿಗ್ರಿ. ಅವಳ ಮೈಮೇಲೆ ಒಂದು ಸ್ವೆಟರು, ಅದರ ಮೇಲೊಂದು ಶಾಲು. ಸೂಟ್‌ಕೇಸಿನಲ್ಲಿ ಇನ್ನೂ ಏಳು ಸ್ವೆಟರು, ಐದು ಮಂಕಿ ಕ್ಯಾಪು.

"ಹಾಸನದಲ್ಲೇ ಬೆಳಗಾದ್ರೆ ಕೈ ಸೆಟೆದುಕೊಳ್ಳುತ್ತೆ ಕಣೋ. ಇದು ಫಾರಿನ್ನು, ಇನ್ನೂ ಜಾಸ್ತಿ ಇರ್ಬೇಕಲ್ವಾ?"

ಡಿಸೆಂಬರ್ ಅಂದ್ರೆ ಇಲ್ಲಿ ಬೇಸಿಗೆ ಅಂತ ಫೋನಿನಲ್ಲಿ ಹತ್ತು ಸಲ ಹೇಳಿದ್ದೆ. ಮಗ ಲಗೇಜು ಹೊರೋದಕ್ಕೆ ಸೋಮಾರಿ, ಅದಕ್ಕೇ ಕಥೆ ಕಟ್ತಾನೆ ಅಂದುಕೊಂಡಿದ್ದಳಂತೆ.

ಮಾರನೇ ದಿನ ಅವಳನ್ನು ಹತ್ತಿರದ ಶಾಪಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದು ನನ್ನದೇ ತಪ್ಪು. ಗಾಜಿನ ಮೇಲೆಲ್ಲ ಸ್ಪ್ರೇ ಹೊಡೆದ ಹಿಮ, ಹತ್ತಿಯ ಹಿಮದಲ್ಲಿ ಹೂತು ನಿಂತ ಪ್ಲಾಸ್ಟಿಕ್ ಜಿಂಕೆ, ನಡುವೆ ದಪ್ಪ ಉಣ್ಣೆಯ ಅಂಚಿನ ಕೋಟು ತೊಟ್ಟು ಕುರ್ಚಿಯಲ್ಲಿ ಕೂತ ಸಾಂಟಾ. ಅವನ ಮುಂದೆ ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಮಕ್ಕಳ ಸಾಲು. ಅಮ್ಮ ಸಾಂಟಾನನ್ನು ನೋಡಿದಳು, ನನ್ನನ್ನು ನೋಡಿದಳು. "ಅವನೂ ಸ್ವೆಟರ್ ಹಾಕಿದಾನೆ. ನಾನೊಬ್ಬಳೇ ಹುಚ್ಚೀನಾ?"

ಅವಳ ಪಂಚಾಂಗವೇ ತಲೆಕೆಳಗಾಗಿತ್ತು. ಧನುರ್ಮಾಸ ಅಂತ ನಾಲ್ಕು ಗಂಟೆಗೇ ಎದ್ದು ಹುಗ್ಗಿ ಮಾಡುತ್ತಿದ್ದಳು. ನೈವೇದ್ಯದ ಹೊತ್ತಿಗಾಗಲೇ ಬೆವರು. ತರಕಾರಿ ಅಂಗಡಿಯಲ್ಲಿ ಕ್ವೀನ್ಸ್‌ಲ್ಯಾಂಡಿನಿಂದ ಬಂದ ಮಾವಿನಹಣ್ಣು, ಎರಡು ಅಂಗಡಿ ಆಚೆ ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಹಿದುಕಿದ ಅವರೆಬೇಳೆ. "ಯುಗಾದಿ, ಸಂಕ್ರಾಂತಿ ಎರಡೂ ಒಟ್ಟಿಗೇ ಬಂದ್ಬಿಟ್ಟಿದೆ ನಿಮ್ಮ ದೇಶಕ್ಕೆ" ಅಂದಳು. ಆಮೇಲೆ ಆ ಅವರೆಬೇಳೆಯ ನಾಲ್ಕು ಪೊಟ್ಟಣ ಕೊಂಡು, ನಮ್ಮ ಫ್ರೀಜರಿನಲ್ಲಿಟ್ಟು, ಹೆಂಡತಿಗೆ ತಾಕೀತು ಮಾಡಿದಳು: "ಇದನ್ನ ಯಾರೂ ಮುಟ್ಟಬೇಡಿ. ಕ್ರಿಸ್‌ಮಸ್ ಮಾರನೇ ದಿನಕ್ಕೆ ಸಾರು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಪ್ರತಿ ವರ್ಷ ಕ್ರಿಸ್‌ಮಸ್ ಮಧ್ಯಾಹ್ನದ ಊಟ ಪಕ್ಕದ ಮನೆಯ ಅಜ್ಜ ಅಜ್ಜಿಯ ಹಿತ್ತಲಿನಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳು, ನಾವು, ಬೀದಿಯ ಕೊನೆಯಲ್ಲಿರುವ ನಮ್ಮ ಮಂಗಳೂರಿನ ಗೆಳೆಯನ ಸಂಸಾರ. ಬೀದಿಯ ಮಕ್ಕಳಿಗೆಲ್ಲ ಸಾಂಟಾ ಆಗುವವನು ಅಜ್ಜನ ದೊಡ್ಡ ಮಗ. ಆ ಸಲ ಅವನಿಗೆ ಬೆನ್ನು ಹಿಡಿದುಕೊಂಡಿತು. ಬದಲಿಗೆ ಯಾರು ಅಂತ ಸಭೆ ಸೇರಿದಾಗ ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಹೊಟ್ಟೆಯ ಮೇಲೆ ಬಂದು ನಿಂತಿತು. ಒಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಟಿವಿಯಲ್ಲಿ ಕ್ರಿಸ್‌ಮಸ್ ಹಾಡುಗಳ ಕಾರ್ಯಕ್ರಮ 'ಕ್ಯಾರಲ್ಸ್ ಬೈ ಕ್ಯಾಂಡಲ್‌ಲೈಟ್'. 1938ರಲ್ಲಿ ನಾರ್ಮನ್ ಬ್ಯಾಂಕ್ಸ್ ಎಂಬ ರೇಡಿಯೊ ಉದ್ಘೋಷಕ ಇಲ್ಲಿ ಶುರು ಮಾಡಿದ್ದು. ಈಗ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್ ಎಂಬ ಬಯಲು ರಂಗಮಂದಿರದ ಹುಲ್ಲಿನ ಮೇಲೆ ಸಾವಿರಾರು ಜನ ದೀಪ ಹಿಡಿದು ಕೂರುತ್ತಾರೆ. ಇಲ್ಲಿ ಈ ದಿನಗಳಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಎಂಟೂ ಮುಕ್ಕಾಲಿಗೆ. ಅಮ್ಮ ಟಿವಿ ನೋಡಿ, ಕಿಟಕಿ ನೋಡಿ, "ಇಷ್ಟು ಬೆಳಕಿನಲ್ಲಿ ದೀಪ ಹಚ್ಚಿಕೊಂಡು ಏನು ಹುಡುಕ್ತಿದಾರೆ?" ಅಂತ ಕೇಳಿ ಮಲಗಲು ಹೋದಳು.

ಬೆಳಗ್ಗೆ ಎದ್ದರೆ ಉತ್ತರದ ಗಾಳಿ. ಮರುಭೂಮಿಯ ಕಡೆಯಿಂದ ಬರುವ ಈ ಗಾಳಿ ಮುಖಕ್ಕೆ ಒಲೆಯ ಬಾಯಿ ತೆರೆದಂತೆ ಹೊಡೆಯುತ್ತದೆ. ಮಧ್ಯಾಹ್ನಕ್ಕೆ 37 ಅಂತ ಮುನ್ಸೂಚನೆ, ಜೊತೆಗೆ ಟೋಟಲ್ ಫೈರ್ ಬ್ಯಾನ್. ಅಂಥ ದಿನ ಕಟ್ಟಿಗೆ, ಇದ್ದಿಲು ಹಚ್ಚುವಂತಿಲ್ಲ. ಮನೆಯ ಪಕ್ಕ ಗ್ಯಾಸಿನ ಬಾರ್ಬೆಕ್ಯೂ ಆಗಬಹುದು, ಆದರೆ ಹತ್ತಿರದಲ್ಲೇ ನೀರಿನ ಪೈಪೋ ತುಂಬಿದ ಬಕೆಟ್ಟೋ ಇರಬೇಕು, ದೊಡ್ಡವರೊಬ್ಬರು ಕದಲದೆ ನಿಂತಿರಬೇಕು. ಎಲ್ಲದಕ್ಕೂ ನಗುವ ಅಜ್ಜ ಈ ಒಂದು ವಿಷಯದಲ್ಲಿ ನಗುವುದಿಲ್ಲ. 2009ರ ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಮುಟ್ಟಿತ್ತು. ಅದೇ ದಿನ ಈ ರಾಜ್ಯದಲ್ಲಿ ಹಬ್ಬಿದ ಕಾಳ್ಗಿಚ್ಚಿಗೆ 173 ಜನ ಬಲಿಯಾದರು. ಅದಕ್ಕೇ ಅಜ್ಜ ಬಕೆಟ್ಟನ್ನು ಎರಡು ಸಲ ಮುಟ್ಟಿ ನೋಡಿಯೇ ಗ್ಯಾಸು ತಿರುಗಿಸಿದ.

ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಅತ್ತ ನನ್ನ ಅಲಂಕಾರ. ಸಾಂಟಾನ ದಿರಿಸು ಅಜ್ಜನ ಮಗನ ಅಳತೆಯದು. ಎಲ್ಲರೂ ಅಷ್ಟು ನಂಬಿಕೆ ಇಟ್ಟಿದ್ದ ನನ್ನ ಹೊಟ್ಟೆಯೂ ಅದರೊಳಗೆ ಬಡಕಲಾಗಿ ಕಂಡಿತು. ಹೆಂಡತಿ ದಿಂಬು ತಂದಳು. ಈ ಸೆಕೆಯಲ್ಲಿ ದಿಂಬು ಕಟ್ಟಿಕೊಂಡರೆ ಸತ್ತೇ ಹೋಗ್ತೀನಿ ಅಂದೆ.

"ರೀ, ಹಾಗಾದ್ರೆ ಐಸ್ ಇಟ್ಕೊಳ್ಳಿ" ಅಂದಳು.

ಐಸ್‌ಪ್ಯಾಕುಗಳೆಲ್ಲ ಅಜ್ಜನ ಬಿಯರ್ ಡಬ್ಬದಲ್ಲಿ ಕೂತಿದ್ದವು. ಫ್ರೀಜರ್ ತೆರೆದವಳಿಗೆ ಕಂಡದ್ದು ಕಲ್ಲಿನಂತೆ ಗಟ್ಟಿಯಾಗಿದ್ದ ನಾಲ್ಕು ಪೊಟ್ಟಣ. ಅತ್ತೆ ಹೇಳಿದ್ದು ಅವಳಿಗೆ ನೆನಪಿತ್ತು. ಹತ್ತು ನಿಮಿಷ ತಾನೇ, ವಾಪಸ್ ಇಟ್ಟರಾಯಿತು ಅಂದುಕೊಂಡಳಂತೆ. ಟವೆಲ್ಲಿನಲ್ಲಿ ಸುತ್ತಿ, ಅವಳದೇ ದುಪಟ್ಟಾದಲ್ಲಿ ಹೊಟ್ಟೆಗೆ ಬಿಗಿದಳು. ಆಹಾ, ಆ ತಂಪು! ಮೊದಲ ಐದು ನಿಮಿಷ ನಾನು ನಿಜವಾಗಿಯೂ ಉತ್ತರ ಧ್ರುವದಲ್ಲಿದ್ದೆ.

ಹಿಂದಿನ ಗೇಟಿನಿಂದ "ಹೋ ಹೋ ಹೋ" ಅಂತ ಒಳಗೆ ಹೋದೆ. ಗಡ್ಡದ ಸಿಂಥೆಟಿಕ್ ಕೂದಲು ಉಸಿರಾಡಿದಾಗೆಲ್ಲ ಬಾಯೊಳಗೆ ಬರುತ್ತಿತ್ತು. ಹಣೆಗೆ ಬಳಿದ ಸನ್‌ಸ್ಕ್ರೀನು ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿ. ಹೀಗಾಗಿ ಕಾಲಡಿಯ ಬಕೆಟ್ಟು ಕಾಣಲಿಲ್ಲ. ಫೈರ್ ಬ್ಯಾನಿನ ಬಕೆಟ್ಟಿಗೆ ಬೂಟುಗಾಲು ಇಟ್ಟು, ಬೀಳದಿರಲು ಮೇಜನ್ನು ತಬ್ಬಿಕೊಂಡೆ. ಮೇಜಿನ ಅಂಚಿಗೆ ಹೊಟ್ಟೆ ಒತ್ತಿದಾಗ ಏನೋ 'ಚಟ್' ಅಂದಿತು. ಗುಂಡಿ ಇರಬೇಕು ಅಂದುಕೊಂಡೆ.

ಉಡುಗೊರೆ ಹಂಚುತ್ತ ಮೂರನೇ ಮಗುವಿನ ಹತ್ತಿರ ಬಂದಾಗ ತೊಡೆಯ ಮೇಲೆ ತಣ್ಣಗೆ ಏನೋ ಉರುಳಿತು. ಹಿಂದೆಯೇ ಇನ್ನೊಂದು. ಪ್ಯಾಂಟಿನ ಕಾಲಿನಿಂದ ಹಸಿರು ಬೇಳೆಗಳು ಒಂದೊಂದಾಗಿ, ಆಮೇಲೆ ಹಿಡಿಹಿಡಿಯಾಗಿ ಹುಲ್ಲಿನ ಮೇಲೆ ಉದುರತೊಡಗಿದವು. ನಾನು ನಡೆದಲ್ಲೆಲ್ಲ ಸಾಲು. ಹಿತ್ತಲು ಮೌನವಾಯಿತು. ಅಜ್ಜನ ಐದು ವರ್ಷದ ಮೊಮ್ಮಗಳು ಬಗ್ಗಿ ನೋಡಿ, ಎಲ್ಲ ತಿಳಿದವಳ ಗಾಂಭೀರ್ಯದಲ್ಲಿ ಘೋಷಿಸಿದಳು: "ರೇನ್‌ಡೀರ್ ಹಿಕ್ಕೆ!"

ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ. ಹಿಂದಿನ ರಾತ್ರಿ ಅವರೇ ಜಿಂಕೆಗಳಿಗೆ ಕ್ಯಾರೆಟ್ಟು, ಸಾಂಟಾಗೆ ತಣ್ಣನೆ ಬಿಯರು ಇಟ್ಟು ಮಲಗಿದ್ದರಲ್ಲ, ಸಾಕ್ಷಿ ಸಿಕ್ಕಿತು. ಆಟಿಕೆ ಬಿಸಾಕಿ ಹಿಕ್ಕೆ ಆಯತೊಡಗಿದರು.

ಅಷ್ಟು ಹೊತ್ತು ಒಳಗೆ ಏಸಿಯ ಎದುರು ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದ ಅಮ್ಮ ಗದ್ದಲ ಕೇಳಿ ಹೊರಗೆ ಬಂದಳು. ಹುಲ್ಲಿನಿಂದ ಒಂದು ಬೇಳೆ ಎತ್ತಿ, ಬೆರಳಲ್ಲಿ ಹಿಸುಕಿ, ಮೂಸಿದಳು. ಹಾಸನದವಳ ಮೂಗಿಗೆ ಮೋಸ ಮಾಡಲಾದೀತೇ?

"ಅಯ್ಯೋ ನನ್ನ ಅವರೆಬೇಳೆ! ಲೋ, ಚಡ್ಡಿಯೊಳಗೆ ಯಾಕೋ ಇಟ್ಕೊಂಡಿದೀಯ?"

ಕನ್ನಡ ಬಾರದವರೆಲ್ಲ ಇದು ಭಾರತದ ಕ್ರಿಸ್‌ಮಸ್ ಹಾರೈಕೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮಂಗಳೂರಿನ ಗೆಳೆಯ ಮಾತ್ರ ಕುಸ್ವಾರಿನ, ಅಂದರೆ ಅವರ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಹಿಡಿದುಕೊಂಡೇ ನಗುತ್ತ ನೆಲಕ್ಕೆ ಕುಸಿದ. ನೆವ್ರಿ, ಗುಳಿಯೊ, ಕಿಡಿಯೊಗಳೂ ಅವರೆಬೇಳೆಯ ಜೊತೆ ಹುಲ್ಲು ಸೇರಿದವು. ಅವನಿಗೆ ಇದೇನೂ ಹೊಸದಲ್ಲ. "ಬಿಸಿಲಿನ ಕ್ರಿಸ್‌ಮಸ್ ಅಂತ ಇವರು ದೊಡ್ಡದಾಗಿ ಹೇಳ್ಕೊಳ್ತಾರಲ್ಲ ಮಾರಾಯ, ನಮ್ಮೂರಲ್ಲಿ ಯೇಸು ಹುಟ್ಟಿದ ಗೋದಲಿಯ ಬೊಂಬೆಮನೆಗೆ ಹತ್ತಿಯ ಹಿಮ ಅಂಟಿಸುವಾಗ ನನ್ನ ಬೆವರು ಬಿದ್ದೇ ಹಿಮ ಕರಗ್ತಿತ್ತು" ಅಂದ.

ಊಟದ ವಿಷಯ ಹೆಚ್ಚಿಲ್ಲ. ಸಿಗಡಿ, ಹ್ಯಾಮ್ ಅವರಿಗೆ. ಹುಗ್ಗಿ, ಪುಳಿಯೋಗರೆ, ಮಾವಿನಹಣ್ಣು ನಮಗೆ. ಅಜ್ಜಿ ಮಾಡಿದ ಪಾವ್ಲೋವಾ ಸೆಕೆಗೆ ನಡುವೆ ಕುಸಿದು, ಮಳೆಗಾಲದ ಗುಂಡಿಯಂತಾಗಿತ್ತು. ಅನ್ನಾ ಪಾವ್ಲೋವಾ ಎಂಬ ರಷ್ಯನ್ ನರ್ತಕಿಯ ಹೆಸರಿನ ಈ ಮೊಟ್ಟೆ ಬಿಳಿಯ ಸಿಹಿ ತಮ್ಮದು ಅಂತ ಆಸ್ಟ್ರೇಲಿಯದವರು, ಅಲ್ಲ ತಮ್ಮದು ಅಂತ ನ್ಯೂಜಿಲೆಂಡಿನವರು. ಅಜ್ಜಿಯ ಅಳಿಯ ನ್ಯೂಜಿಲೆಂಡಿನವನು. ಮೈಸೂರು ಪಾಕು ತಮಿಳುನಾಡಿನದು ಅಂತ ಯಾರಾದರೂ ಅಂದರೆ ನಮ್ಮ ಮನೆಯಲ್ಲಿ ಏನಾಗುತ್ತದೋ ಅದು ಅಲ್ಲಿಯೂ ಆಯಿತು.

ಆಮೇಲೆ ಹಿತ್ತಲಿನ ಕ್ರಿಕೆಟ್ಟು. ಕಸದ ಡಬ್ಬವೇ ವಿಕೆಟ್ಟು. ಬೇಲಿ ದಾಟಿಸಿದರೆ ಸಿಕ್ಸರ್, ಜೊತೆಗೇ ಔಟು, ಚೆಂಡು ತರಬೇಕಾದವನೂ ಅವನೇ. ಹಾಸನದ ನಮ್ಮ ಗಲ್ಲಿಯ ಸಂವಿಧಾನ ಇಲ್ಲಿಗೆ ಹೇಗೆ ಬಂತು ಅಂತ ನನಗೆ ಇವತ್ತಿಗೂ ಸೋಜಿಗ. ಅಮ್ಮ ಅಂಪೈರ್. ನನ್ನನ್ನು ಮೊದಲ ಚೆಂಡಿಗೇ ಔಟ್ ಕೊಟ್ಟಳು. ಚೆಂಡು ವೈಡಾಗಿತ್ತು. ಅವರೆಬೇಳೆಯ ಸಿಟ್ಟು.

ಸಂಜೆ ಐದರ ಹೊತ್ತಿಗೆ ಗಾಳಿ ತಿರುಗಿತು. ಇಲ್ಲಿಯವರು ಇದನ್ನು 'ಕೂಲ್ ಚೇಂಜ್' ಅನ್ನುತ್ತಾರೆ. ಉತ್ತರದ ಬಿಸಿಗಾಳಿ ನಿಂತು ದಕ್ಷಿಣದ ಸಮುದ್ರದಿಂದ ಗಾಳಿ ನುಗ್ಗುತ್ತದೆ. ಊಟಕ್ಕೆ ಎಲ್ಲರೂ ತೊಟ್ಟಿದ್ದ ಕಾಗದದ ಕಿರೀಟಗಳೆಲ್ಲ ಬೇಲಿಯಾಚೆ ಹಾರಿದವು. ಅರ್ಧ ಗಂಟೆಯಲ್ಲಿ ಫೋನಿನಲ್ಲಿ 37 ಇದ್ದದ್ದು 19 ಆಯಿತು. ಹಿಂದೆಯೇ ಸಣ್ಣ ಜಿಟಿಜಿಟಿ. ಚಡ್ಡಿ, ಬನಿಯನ್ನಿನಲ್ಲಿದ್ದ ಸಮಸ್ತರೂ ಕೈಕಟ್ಟಿ ನಡುಗುತ್ತ ನಿಂತರು.

ಅಮ್ಮ ಏನೂ ಮಾತಾಡಲಿಲ್ಲ. ಮನೆಗೆ ಹೋಗಿ ಸೂಟ್‌ಕೇಸನ್ನೇ ಉರುಳಿಸಿಕೊಂಡು ಬಂದಳು. ಏಳು ಸ್ವೆಟರು ಏಳು ಜನಕ್ಕೆ ಹಂಚಿದಳು. ಸಾಂಟಾ ಅಂದರೆ ಇದು. ನ್ಯೂಜಿಲೆಂಡಿನ ಅಳಿಯನಿಗೆ ಬಂದದ್ದು ನಮ್ಮ ಅಪ್ಪನ ಹಳೆಯ ಕಂದು ಸ್ವೆಟರು, ಹೊಕ್ಕುಳಿನವರೆಗೂ ಇಳಿಯಲಿಲ್ಲ. ಬೋಳುತಲೆಯ ಅಜ್ಜನಿಗೆ ಮಂಕಿ ಕ್ಯಾಪನ್ನು ತಾನೇ ತೊಡಿಸಿ, ಗಲ್ಲದ ಕೆಳಗೆ ಎಳೆದು ಸರಿ ಮಾಡಿದಳು. ಅಜ್ಜ ಕನ್ನಡಿ ನೋಡಿಕೊಂಡು, ಇಷ್ಟು ವರ್ಷ ಇದಿಲ್ಲದೆ ಹೇಗೆ ಬದುಕಿದೆನೋ ಅಂದ.

ಸೂಟ್‌ಕೇಸಿನ ಕಡೆ ನಾನೂ ಕೈ ಚಾಚಿದೆ. "ನಿಂಗ್ಯಾಕೋ? ನಿಂದು ಬೇಸಿಗೆಯಲ್ವಾ?" ಅಂದಳು.

ಮಾರನೇ ದಿನ ಬಾಕ್ಸಿಂಗ್ ಡೇ, ಅಂದರೆ ಡಿಸೆಂಬರ್ 26ರ, ಕ್ರಿಕೆಟ್ ಟೆಸ್ಟು. ಅಜ್ಜ ಬೆಳಗ್ಗೆಯೇ ಎಂಸಿಜಿಗೆ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ, ಹೊರಟ, ತಲೆಗೆ ಅದೇ ಮಂಕಿ ಕ್ಯಾಪು. ನಾವು ಟಿವಿ ಮುಂದೆ ಕೂತು, ಉಳಿದಿದ್ದ ಒಂದೇ ಪೊಟ್ಟಣದ ತೆಳ್ಳನೆ ಅವರೆಬೇಳೆ ಸಾರು ಉಣ್ಣುತ್ತಿದ್ದೆವು. ವಿಕೆಟ್ ಬಿದ್ದರೂ ಅಮ್ಮನಿಗೆ ಬೇಕಿಲ್ಲ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗಲೆಲ್ಲ ಕನ್ನಡಕ ಏರಿಸಿ ಮುಂದೆ ಬಾಗುತ್ತಿದ್ದಳು.

"ಅಷ್ಟು ಜನದಲ್ಲಿ ನಮ್ಮ ಟೋಪಿ ಒಂದೂ ಕಾಣಲ್ವಲ್ಲೋ. ತೆಗೆದುಬಿಟ್ಟನೋ ಏನೋ. ನೆಗಡಿ ಆಗುತ್ತೆ ಮುದುಕಪ್ಪಂಗೆ, ಫೋನ್ ಮಾಡಿ ಹೇಳು."